ಅಕ್ಕನ ಷಡ್ಜ

ವಿಮಾನಪುರ
8 ಆಗಸ್ಟ್ 2024

ಮುಬೀನ್,

ಭಾನುವಾರ ಹಲಸೂರಿನ ರಿಹರ್ಸಲ್‌ನಿಂದ ಕ್ಲಾರಿನೆಟ್ ಪೆಟ್ಟಿಗೆ ಎತ್ತಿಕೊಂಡು ದಡದಡ ಮೆಟ್ಟಿಲಿಳಿದು ಹೋದೆಯಲ್ಲ, ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಹಾಗಂತ ಕ್ಷಮೆ ಕೇಳಲು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ನಿನ್ನ ಶ್ರುತಿ ಏರಿತ್ತು. ಏರಿದ್ದನ್ನು ಏರಿದೆ ಎಂದೆ. ನಮ್ಮ ಆರ್ಕೆಸ್ಟ್ರಾ ಶುರುವಾದಾಗಿನಿಂದ ನಡೆದುಬಂದಿರುವುದು ಅದೇ ತಾನೆ? ನಾನು ಪಿಟೀಲಿನಲ್ಲಿ ಷಡ್ಜ ಹಿಡಿಯುತ್ತೇನೆ, ಮಿಕ್ಕವರೆಲ್ಲ ಅದಕ್ಕೆ ಸೇರಿಕೊಳ್ಳುತ್ತೀರಿ. ಆ ಗಿಟಾರ್ ವಿಕ್ರಮ್ ಮೊನ್ನೆ ಮೊನ್ನೆ ಬಂದವನು, ಫೋನ್ ನನ್ನ ಮುಖಕ್ಕೆ ಹಿಡಿದು "ಆಂಟಿ, ಟ್ಯೂನರ್ ಪ್ರಕಾರ ಮುಬೀನಣ್ಣ ಕರೆಕ್ಟಾಗೇ ಇದಾರೆ" ಅನ್ನುತ್ತಾನೆ. "ಯಂತ್ರಕ್ಕೆ ಕಿವಿ ಇದೆಯೇನೋ?" ಎಂದೆ. ನೀನೇ ನಕ್ಕೆ. ನಕ್ಕವನು ಆಮೇಲೆ ಯಾಕೆ ಎದ್ದು ಹೋದೆ?

ಫೋನ್ ಮಾಡೋಣವೆಂದರೆ, ಈಚೆಗೆ ಅದರಲ್ಲಿ ಎಲ್ಲರ ದನಿಯೂ ಎಣ್ಣೆ ಡಬ್ಬದೊಳಗಿಂದ ಬಂದಂತೆ ಕೇಳಿಸುತ್ತದೆ. ನಮ್ಮವರು ಹೊಸ ಫೋನ್ ತಂದುಕೊಟ್ಟರು. ಅದೂ ಡಬ್ಬವೇ. ಅದಕ್ಕೇ ಈ ಕಾಗದ.

ಬೇರೆಯವರು ಎದುರಾದರೆ "ಊಟ ಆಯ್ತಾ" ಅನ್ನುತ್ತಾರೆ. ನಾವಿಬ್ಬರು "ಈಗ ಏನ್ ಕೇಳ್ತಿದೀಯ" ಅಂದುಕೊಂಡೇ ಇಷ್ಟು ವಯಸ್ಸು ಮಾಡಿಕೊಂಡವರು. ಸುಳ್ಳು ಹೇಳಬಾರದು, ದೊಡ್ಡಸ್ತಿಕೆ ತೋರಿಸಬಾರದು, ನಿಜವಾಗಿ ಕಿವಿಗೆ ಬಿದ್ದದ್ದನ್ನೇ ಹೇಳಬೇಕು. ಒಂದು ಸಲ ನೀನು ಕಸದ ಗಾಡಿಯ ಹಾಡು ಅಂದಿದ್ದೆ, ಅದರ ಮಧ್ಯಮ ಚೆನ್ನಾಗಿದೆ ಅಂತ ವಾದ ಬೇರೆ ಮಾಡಿದ್ದೆ. ದಿನಾ ಬೆಳಿಗ್ಗೆ ಫೋನಿಗೆ ಒಂದಾದರೂ ಕಳಿಸುತ್ತಿದ್ದವನು ಭಾನುವಾರದಿಂದ ಸುಮ್ಮನಿದ್ದೀಯ. ಏನ್ ಕೇಳ್ತಿದೀಯ? ಬರೆ.

ನನ್ನದು ಕೇಳಿದರೆ, ಏನೂ ಇಲ್ಲ. ಶ್ರುತಿಪೆಟ್ಟಿಗೆ ಕೆಟ್ಟಿದೆ. ನಿಮ್ಮ ಶಿವಾಜಿನಗರದಲ್ಲೇ ರಿಪೇರಿ ಮಾಡಿಸಿ ತಂದೆ, ಮತ್ತೆ ಹಾಗೇ ಕೂಗುತ್ತದೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮವಿದೆ, ಜ್ಞಾಪಕವಿರಲಿ. ನೀನು ಪಕ್ಕದಲ್ಲಿಲ್ಲದೆ ನಾನು ವೇದಿಕೆ ಹತ್ತುವುದಿಲ್ಲ.

ಬೈದರೂ ನಿನ್ನವಳೇ ಆದ ಅಕ್ಕ,
ಅನಸೂಯ


ಶಿವಾಜಿನಗರ
14 ಆಗಸ್ಟ್ 2024

ಅಕ್ಕಾ,

ನಿಮ್ಮ ಕಾಗದ ಬಂತು. ನಮ್ಮ ಗಲ್ಲಿಗೆ ಪೋಸ್ಟ್‌ಮ್ಯಾನ್ ಬಂದರೆ ಬ್ಯಾಂಕ್ ನೋಟೀಸೇ ಎಂದು ಎಲ್ಲರಿಗೂ ಗಾಬರಿ. ನಮ್ಮ ಮನೆಯವಳು ಗುಲ್ಷನ್ ಬಾಗಿಲಲ್ಲೇ ನಿಂತು ಒಡೆಸಿದಳು. ನಿಮ್ಮ ಅಕ್ಷರ ನೋಡಿ ಸಮಾಧಾನವಾಗಿ ಚಹಾ ಮಾಡಲು ಹೋದಳು.

ನಾನು ಸಿಟ್ಟಿನಿಂದ ಎದ್ದು ಹೋಗಲಿಲ್ಲ ಅಕ್ಕಾ. ನೀವು ಬಯ್ಯುವುದು ನನಗೆ ಹೊಸದೇ? ಹೆದರಿ ಹೋದೆ. ಜೂನ್‌ನಲ್ಲಿ ಮೇಲಿನ ಹಲ್ಲು ಕಟ್ಟಿಸಿಕೊಂಡೆನಲ್ಲ, ಕ್ಲಾರಿನೆಟ್ ಊದುವವನಿಗೆ ಅದೇ ಗೋಡೆ, ಅದೇ ಪಾಯ. ಹೊಸ ಹಲ್ಲಿನಿಂದ ಊದುವುದೆಂದರೆ ಬಾಡಿಗೆ ಬಾಯಿಂದ ಊದಿದಂತೆ. ನೀವು ಮೊದಲ ಸಲ "ಏರಿದೆ" ಎಂದ ದಿನವೇ ಮನೆಗೆ ಬಂದು ಕನ್ನಡಿ ಮುಂದೆ ಹಲ್ಲು ನೋಡಿಕೊಂಡೆ. ರೀಡ್ ಬದಲಾಯಿಸಿದೆ, ಪ್ಯಾಡುಗಳನ್ನೆಲ್ಲ ಹೊಸದು ಹಾಕಿಸಿದೆ. ಕೊಳವೆಯ ಜೋಡಣೆಯನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆದು ಶ್ರುತಿ ಇಳಿಸುತ್ತಾ ಬಂದೆ. ನೀವು "ಹ್ಞಾ, ಈಗ ಸರಿ" ಎಂದ ಜಾಗಕ್ಕೆ ಗುಲ್ಷನ್‌ಳ ಕೆಂಪು ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದೆ, ಮರೆಯಬಾರದು ಅಂತ. ಮಾರನೇ ದಿನ ಅದೇ ಗೆರೆಗಿಟ್ಟು ಮದುವೆಯಲ್ಲಿ ಊದಿದರೆ ನಮ್ಮ ಬ್ಯಾಂಡ್ ಸೆಟ್ಟಿನವರು "ಏನ್ ಭಾಯ್, ಇಳಿದುಹೋಗಿದೆ" ಎಂದು ತಿರುಗಿ ನೋಡುತ್ತಾರೆ. ಅವರಿಗೆ ಸರಿಯಾದರೆ ಭಾನುವಾರ ನಿಮಗೆ ಏರುತ್ತದೆ. ಒಂದೇ ಬಾಯಿ, ದಿನಕ್ಕೊಂದು ಶ್ರುತಿ. ಅಂದರೆ ಹಲ್ಲೇ ಕೈಕೊಟ್ಟಿದೆ ಎಂದಾಯಿತಲ್ಲ? ವಿಕ್ರಮ್‌ನ ಯಂತ್ರ ಪಾಪ ನನ್ನ ಪರ ನಿಂತಿತು. ನಾನೇ ನಂಬಲಿಲ್ಲ. ನಿಮ್ಮ ಕಿವಿಯನ್ನು ಬಿಟ್ಟು ಯಂತ್ರವನ್ನು ನಂಬಲು ನನಗೇನು ಹುಚ್ಚೇ?

ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟಿದ್ದೇನೆ. ಗುಲ್ಷನ್ "ಐಸಾ ಕಾಯ್ಕು ಬೈಠೇ ಜೀ" ಎಂದು ಕೇಳಿ ಕೇಳಿ ಸುಸ್ತಾದಳು. ಯಾಕೆ ಹೀಗೆ ಕೂತಿದ್ದೀನಿ ಎಂದು ಅವಳಿಗೆ ಏನು ಹೇಳಲಿ? ಬ್ಯಾಂಡಿನವರು ಹಳೇ ಮನುಷ್ಯ ಎಂದು ಕೈಬಿಡದೆ ಜಾಂಜ್ ಕೊಟ್ಟಿದ್ದಾರೆ. ಆ ಎರಡು ಹಿತ್ತಾಳೆ ತಟ್ಟೆ ಬಡಿಯಲು ಹಲ್ಲು ಬೇಡ.

ಏನ್ ಕೇಳ್ತಿದೀನಿ ಎಂದಿರಿ. ಜಾಂಜ್, ಅಕ್ಕಾ. ಬರೀ ಜಾಂಜ್.

ಸಲಾಮಿನೊಂದಿಗೆ,
ಮುಬೀನ್


ವಿಮಾನಪುರ
26 ಆಗಸ್ಟ್ 2024

ಮುಬೀನ್,

ಜಾಂಜ್ ಅಂತೆ ಜಾಂಜ್! ನಿಮ್ಮಪ್ಪ ಇದ್ದಿದ್ದರೆ ಅದೇ ಜಾಂಜ್‌ನಿಂದ ನಿನ್ನ ತಲೆಗೆ ಎರಡು ಕೊಡುತ್ತಿದ್ದರು. ನಾಳೆಯೇ ಅಟ್ಟದಿಂದ ಪೆಟ್ಟಿಗೆ ಇಳಿಸು. ನಿನ್ನ ಹಲ್ಲಿಗೆ ತಕ್ಕಂತೆ ನಾವೆಲ್ಲ ಸ್ವಲ್ಪ ಏರಿಸಿಕೊಂಡರಾಯಿತು, ಏನು ಗಂಟು ಹೋಗುತ್ತದೆ?

ನಿನ್ನೊಬ್ಬನದೇ ಆಗಿದ್ದರೆ ನಾನೂ ಇಷ್ಟು ರೇಗುತ್ತಿರಲಿಲ್ಲ. ಊರಿಗೂರೇ ಶ್ರುತಿ ಕೆಡಿಸಿಕೊಂಡು ಕೂತಿದೆ. ನಮ್ಮ ವಿಮಾನ ಕಾರ್ಖಾನೆಯ ಸೈರನ್ ನಿನಗೆ ಗೊತ್ತಲ್ಲ, ಮದುವೆಯಾಗಿ ಬಂದಾಗಿನಿಂದ ನಾನು ಅದನ್ನು ಕೇಳಿಯೇ ಒಲೆ ಹಚ್ಚುವುದು. ಒಂದೇ ಸ್ವರದಲ್ಲಿ ನೆಟ್ಟಗೆ ಏರಿ ನಿಲ್ಲುತ್ತಿತ್ತು. ಈಗ ಏನು ರಿಪೇರಿ ಮಾಡಿದ್ದಾರೋ, ಒಂದರ ಪಕ್ಕ ಇನ್ನೊಂದು, ಎರಡು ಸ್ವರ ಉಜ್ಜಿಕೊಂಡು ಕೂಗುತ್ತದೆ. ಮೈಯೆಲ್ಲ ಜುಂ ಎನ್ನುತ್ತದೆ. ನಮ್ಮವರನ್ನು ಕೇಳಿದೆ. "ಅದೇ ಸೈರನ್ನೇ ಕಣೇ, ಏನೂ ಬದಲಾಗಿಲ್ಲ" ಅಂದರು. ವಿಮಾನದ ರೆಕ್ಕೆ ಜೋಡಿಸುವ ನಮ್ಮ ಮೂರ್ತಿಗಳಿಗೆ ಶ್ರುತಿ ಎಲ್ಲಿ ತಿಳಿಯಬೇಕು? ಪಾಠಕ್ಕೆ ಬರುವ ಮಕ್ಕಳೂ ಅಷ್ಟೆ, ಒಬ್ಬರ ಪಿಟೀಲೂ ನೆಟ್ಟಗಿಲ್ಲ. ಬೈದು ಬೈದು ಸಾಕಾಗಿ ಒಂದು ತಿಂಗಳು ಬರಬೇಡಿ ಎಂದಿದ್ದೇನೆ. ಮೊನ್ನೆ ಹಲಸೂರು ದೇವಸ್ಥಾನಕ್ಕೆ ಹೋದರೆ ನಾಗಸ್ವರದವರೂ ಹಾಗೆಯೇ. ಅವರೂ ಹಲ್ಲು ಕಟ್ಟಿಸಿಕೊಂಡಿದ್ದಾರೋ ಏನೋ.

ಸಂಗೀತ ಹಾಕಿದರೆ ಎದ್ದು ಆರಿಸುತ್ತೇನೆ. ಮನೆ ಸದ್ದಿಲ್ಲದೆ ಇದ್ದರೆ ಹಾಯಾಗಿದೆ. ಹಾಯಾಗಿದೆ ಎಂದು ಬರೆದು ನನಗೇ ಒಂಥರಾ ಆಯಿತು.

ಬೇಗ ಬಾ.
ಅನಸೂಯ


ಶಿವಾಜಿನಗರ
3 ಸೆಪ್ಟೆಂಬರ್ 2024

ಅಕ್ಕಾ,

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ನೇರವಾಗಿ ಬರೆದುಬಿಡುತ್ತೇನೆ. ಕಾಗದ ಹರಿದು ಬಿಸಾಕುವ ಮುಂಚೆ ಪೂರ್ತಿ ಓದಿ.

ನಿಮ್ಮ ಕಾಗದ ಓದಿದವನಿಗೆ ಆ ಸೈರನ್ ತಲೆಯಿಂದ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ವಿಕ್ರಮ್‌ನನ್ನು ಎಬ್ಬಿಸಿಕೊಂಡು ವಿಮಾನಪುರಕ್ಕೆ ಬಂದೆ. ಹೌದು, ನಿಮ್ಮ ಮನೆಯ ಹತ್ತಿರದವರೆಗೆ ಬಂದು ಒಳಗೆ ಬರದೆ ಹೋದೆ, ಅದಕ್ಕೆ ಆಮೇಲೆ ಬೈಯಿರಿ. ಗೇಟಿನೆದುರು ಟೀ ಅಂಗಡಿಯಲ್ಲಿ ನಿಂತಿದ್ದೆವು. ಸೈರನ್ ಆಯಿತು. ಅಕ್ಕಾ, ಅದು ಒಂದೇ ಸ್ವರ. ನೆಟ್ಟಗೆ, ಮೊದಲಿನ ಹಾಗೇ. ವಿಕ್ರಮ್ ಯಂತ್ರ ನೋಡಿ "ಮುಳ್ಳು ಅಲ್ಲಾಡ್ತಾನೇ ಇಲ್ಲ ಗುರು" ಎಂದ. ಅಲ್ಲಿಂದ ಶ್ರುತಿಪೆಟ್ಟಿಗೆ ರಿಪೇರಿ ಅಂಗಡಿಗೆ ಹೋದೆ. ಅವರು "ಆ ಮೇಡಂ ಬೇಜಾರು ಮಾಡ್ಕೋತಾರೆ ಅಂತ ಸುಮ್ನೆ ಬಿಚ್ಚಿ ಮುಚ್ಚಿ ಕೊಟ್ವಿ ಸಾಬ್, ಅದ್ರಲ್ಲಿ ಏನೂ ಕೆಟ್ಟಿರ್ಲಿಲ್ಲ" ಎಂದರು.

ನಾಳೆ ಸೈರನ್ ಆಗುವಾಗ ಒಂದು ಕಿವಿ ಮುಚ್ಚಿ ಕೇಳಿ. ಸಂಜೆಯದಕ್ಕೆ ಇನ್ನೊಂದು ಕಿವಿ ಮುಚ್ಚಿ. ನಾನು ಹೇಳಿದ್ದು ತಪ್ಪಾದರೆ ನಿಮ್ಮ ಕಾಲು ಹಿಡಿಯುತ್ತೇನೆ. ತಪ್ಪಾಗಲಿ ಎಂದೇ ದುವಾ ಮಾಡುತ್ತಿದ್ದೇನೆ.

ಒಂದು ಮಾತು ಮುಚ್ಚಿಡಲಾರೆ. ಸೈರನ್ ನಿಂತಾಗ ನನಗೆ ಮೊದಲು ಬಂದದ್ದು ಖುಷಿ. ನನ್ನ ಹಲ್ಲಲ್ಲ, ನನ್ನ ಹಲ್ಲಲ್ಲ ಎಂದು ಟೀ ಅಂಗಡಿಯಲ್ಲೇ ಕುಣಿಯುವ ಹಾಗಾಯಿತು. ಹಾಗಾದರೆ ಯಾರದು ಎಂದು ಹೊಳೆದ ಮೇಲೆ ಟೀಯನ್ನು ಅರ್ಧಕ್ಕೇ ಚೆಲ್ಲಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನಿಮ್ಮ ತಮ್ಮ,
ಮುಬೀನ್


ವಿಮಾನಪುರ
7 ಸೆಪ್ಟೆಂಬರ್ 2024

ಮುಬೀನ್,

ಎಡಗಿವಿ ಮುಚ್ಚಿದೆ. ಒಂದು ಸ್ವರ.

ಬಲಗಿವಿ ಮುಚ್ಚಿದೆ. ಒಂದೇ ಸ್ವರ, ಆದರೆ ಬೇರೆ.

ಪಿಟೀಲು ಒರಗುವ ಎಡಗಿವಿಯೇ ಹೋಗಿದೆ. ಇನ್ನು ಕಾಗದ ಬರೆಯಬೇಡ. ಏನ್ ಕೇಳ್ತಿದೀರಾ ಎಂದಂತೂ ಕೇಳಲೇಬೇಡ.

ಅನಸೂಯ


ಶಿವಾಜಿನಗರ
19 ಸೆಪ್ಟೆಂಬರ್ 2024

ಅಕ್ಕಾ,

ಬರೆಯಬೇಡ ಎಂದಿರಿ, ಬರೆಯುತ್ತಿದ್ದೇನೆ. ಕೇಳಬೇಡ ಎಂದಿರಿ, ಕೇಳುವುದಿಲ್ಲ. ನಾನು ಕೇಳುತ್ತಿರುವುದನ್ನು ಬರೆದು ಕಳಿಸುತ್ತೇನೆ, ನೀವು ಓದಿದರೆ ಸಾಕು. ಕಾಗದ ಶ್ರುತಿ ತಪ್ಪುವುದಿಲ್ಲ.

ನಮ್ಮ ಮನೆಯ ತಾರಸಿಗೆ ಬೆಳಗಿನ ಆಜಾನ್ ಮೂರು ದಿಕ್ಕಿನಿಂದ ಬರುತ್ತದೆ. ಒಬ್ಬರು ಶುರು ಮಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಯಾರೂ ಯಾರಿಗೂ ಕಾಯುವುದಿಲ್ಲ, ಯಾರ ಶ್ರುತಿಯೂ ಯಾರಿಗೂ ಸೇರುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದವನಿಗೆ ಅದು ಕೆಟ್ಟದ್ದು ಅನ್ನಿಸಿಯೇ ಇಲ್ಲ. ಮೂವರೂ ಮುಗಿಸಿದ ಮೇಲೆ ಕೋಳಿ ಅಂಗಡಿಯ ಶಟರ್ ಏಳುತ್ತದೆ, ಅದು ಮಂದ್ರದ ಪಂಚಮ, ಬೇಕಾದರೆ ಬಂದು ನೋಡಿ. ಗುಲ್ಷನ್ ಅಕ್ಕಿ ಆರಿಸುತ್ತಾ ಅವರಮ್ಮ ಹೇಳಿಕೊಡುತ್ತಿದ್ದ ಲಾಲಿ ಗುನುಗುತ್ತಾಳೆ. ಹಿಂದೋಳದ ಹಾಗೆ ಶುರುವಾಗಿ, ಕಲ್ಲು ಸಿಕ್ಕಿದ ಕೂಡಲೇ ನಿಂತುಹೋಗುತ್ತದೆ. ಕಲ್ಲು ಎಸೆದ ಮೇಲೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಹಿಡಿಯುತ್ತಾಳೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಳೆ ಅಂಗಡಿಯವರು ಗಾಜಿನ ಬಳೆಗಳನ್ನು ಕೋಲಿಗೆ ಪೋಣಿಸಿ ಸರಿಸುವ ಸದ್ದು ನಿಮಗೆ ಇಷ್ಟ ಎಂದಿದ್ದಿರಿ. ನಿನ್ನೆ ಬೇಕೆಂದೇ ಆ ದಾರಿಯಲ್ಲಿ ಹೋಗಿ ನಿಂತು ಕೇಳಿದೆ. ಇನ್ನೂ ಹಾಗೆಯೇ ಇದೆ.

ಡಾಕ್ಟರ ಹತ್ತಿರ ಹೋದಿರಾ? ಇದಕ್ಕಾದರೂ ಉತ್ತರ ಕೊಡಿ. ಬರೀ ಹೌದು ಎಂದು ಬರೆದರೂ ಸಾಕು.

ನಿಮ್ಮ ತಮ್ಮ,
ಮುಬೀನ್


ವಿಮಾನಪುರ
4 ಅಕ್ಟೋಬರ್ 2024

ಮುಬೀನ್,

ಹೌದು.

ಇಂದಿರಾನಗರದಲ್ಲಿ ತೋರಿಸಿದೆವು. ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗೆ ಏನೋ ಸಿಕ್ಕಿಸಿ, ಶಬ್ದ ಕೇಳಿಸಿದರೆ ಬೆರಳೆತ್ತಿ ಎಂದರು. ನಾನು ಒಂದೊಂದಕ್ಕೂ ಸ್ವರದ ಹೆಸರು ಹೇಳುತ್ತಾ ಹೋದೆ. ಆ ಹುಡುಗಿ "ಮೇಡಂ, ಕೇಳಿಸ್ತೋ ಇಲ್ವೋ ಅಷ್ಟೇ ಸಾಕು" ಎಂದಳು. ಒಳಕಿವಿಯಲ್ಲಿ ನೀರಿನ ಒತ್ತಡ ಹೆಚ್ಚಾಗಿದೆಯಂತೆ, ಅದಕ್ಕೇ ಒಂದು ಸ್ವರ ಎರಡಾಗುವುದಂತೆ. ಮಾತ್ರೆ ಕೊಟ್ಟಿದ್ದಾರೆ, ಉಪ್ಪು ಬಿಡಿಸಿದ್ದಾರೆ. ಉಪ್ಪಿನಕಾಯಿ ಇಲ್ಲ, ಹಪ್ಪಳ ಇಲ್ಲ, ಸಾರು ಬಿಸಿನೀರಿನ ಹಾಗಿದೆ. ನಮ್ಮವರು ನನ್ನ ಜೊತೆ ತಾವೂ ಸಪ್ಪೆ ತಿನ್ನುತ್ತಿದ್ದಾರೆ. ಬೇಡ ಎಂದರೂ ಕೇಳುವುದಿಲ್ಲ.

"ಮೊದಲಿನ ಹಾಗೆ ಆಗುತ್ತಾ ಡಾಕ್ಟ್ರೇ?" ಎಂದೆ. "ಆಗಬಹುದು, ಆಗದೆಯೂ ಇರಬಹುದು, ಕಾದು ನೋಡೋಣ" ಎಂದರು. ಕಾಯುವುದು ನನಗೆ ಬರುವುದಿಲ್ಲ ಮುಬೀನ್. ಹೆದರಿಕೆಯಾಗಿದೆ. ಮೂರ್ತಿಗಳ ಮುಂದೆ ಹೇಳಿದರೆ ಅವರು ಇನ್ನೂ ಹೆದರುತ್ತಾರೆ, ಅದಕ್ಕೆ ನಿನಗೆ ಹೇಳುತ್ತಿದ್ದೇನೆ. ಪಿಟೀಲನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಿನ್ನ ಕಾಗದ ಬಂದ ದಿನ ಬೀಗ ತೆಗೆದು ಒಮ್ಮೆ ಮುಟ್ಟಿ ಮತ್ತೆ ಹಾಕಿದೆ.

ನಿನ್ನ ಮೇಲೆ ಇಷ್ಟು ದಿನ ಹಾರಾಡಿದೆನಲ್ಲೋ. ನಿನ್ನ ಕೈಗೆ ಜಾಂಜ್ ಕೊಡಿಸಿದೆನಲ್ಲ. ನೀನು ಟೀ ಅಂಗಡಿಯಲ್ಲಿ ಖುಷಿಪಟ್ಟದ್ದು ತಪ್ಪಲ್ಲ. ನಾನಾಗಿದ್ದರೆ ಮೊದಲು ಕುಣಿದು ಆಮೇಲೆ ಅಳುತ್ತಿದ್ದೆ.

ಗುಲ್ಷನ್‌ಳ ಲಾಲಿಯ ಮುಂದಿನದು ಬರೆ. ಕಲ್ಲು ಎಸೆದ ಮೇಲೆ ಗಾಂಧಾರಕ್ಕೆ ಹೋಗುತ್ತಾಳೋ, ಕೆಳಗಿಳಿಯುತ್ತಾಳೋ? ಓದಿದರೆ ನನಗೆ ಒಂದೇ ಸ್ವರ ಕೇಳಿಸುತ್ತದೆ.

ಅಕ್ಕ,
ಅನಸೂಯ


ಶಿವಾಜಿನಗರ
12 ಅಕ್ಟೋಬರ್ 2024

ಅಕ್ಕಾ,

ಗಾಂಧಾರಕ್ಕೆ. ಅಲ್ಲಿ ಸ್ವಲ್ಪ ಹೊತ್ತು ನಿಂತು ನಿಧಾನವಾಗಿ ಇಳಿಯುತ್ತಾಳೆ. ನಿಮ್ಮ ಪ್ರಶ್ನೆ ಓದಿ ಹೇಳಿದ್ದಕ್ಕೆ ಈಗ ನಾಚಿಕೊಂಡು ಬಾಯಿ ಮುಚ್ಚಿಕೊಂಡೇ ಅಕ್ಕಿ ಆರಿಸುತ್ತಿದ್ದಾಳೆ. ನಾನು ಮರೆಯಲ್ಲಿ ನಿಂತು ಕೇಳಬೇಕಾಗಿದೆ.

ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಜಾಂಜ್ ವಾಪಸ್ ಕೊಟ್ಟೆ. ಮದುವೆ ಸೀಸನ್, ಊದಿ ಊದಿ ಹೊಸ ಹಲ್ಲೂ ಒಗ್ಗಿಕೊಂಡಿದೆ.

ಕಾರ್ಯಕ್ರಮದ ಸುದ್ದಿ: ವಿಕ್ರಮ್ ಪಾಪ ಒಳ್ಳೇ ಮನಸ್ಸಿನಿಂದಲೇ "ಕೀಬೋರ್ಡಲ್ಲಿ ವಯಲಿನ್ ಸೌಂಡ್ ಹಾಕ್ಕೊಳ್ಳೋಣ್ವಾ ಮುಬೀನಣ್ಣ?" ಎಂದ. ನಾನು ಅವನನ್ನು ಹೇಗೆ ನೋಡಿದೆನೋ, "ಸಾರಿ ಸಾರಿ" ಎಂದು ಗಿಟಾರ್ ಹಿಂದೆ ಅವಿತುಕೊಂಡ. ಎಲ್ಲರೂ ಒಂದು ತೀರ್ಮಾನ ಮಾಡಿದ್ದೇವೆ. ನಿಮ್ಮ ಕುರ್ಚಿ ಇದ್ದ ಕಡೆಯೇ ಇರುತ್ತದೆ. ನೀವು ಬಂದು ಸುಮ್ಮನೆ ಕೂತರೂ ಸರಿ. ಬಾರಿಸಿದರೆ ನೀವು ಎಲ್ಲಿ ಹಿಡಿಯುತ್ತೀರೋ ಅದೇ ಷಡ್ಜ, ನಾವೆಲ್ಲ ಅಲ್ಲಿಗೆ ಬರುತ್ತೇವೆ. ಊರು ಏನಾದರೂ ಅಂದುಕೊಳ್ಳಲಿ.

ಈ ತಿಂಗಳ ಕೊನೇ ಭಾನುವಾರ ಹಲಸೂರಿಗೆ ಬನ್ನಿ. ಗುಲ್ಷನ್ ಉಪ್ಪಿಲ್ಲದ ಬಿರಿಯಾನಿ ಮಾಡುತ್ತೇನೆ ಎಂದಿದ್ದಾಳೆ, ನಿಮಗೆ ತರಕಾರಿಯದು. ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಇಂಥ ಪಾಪ ಮಾಡಿರಲಿಲ್ಲ.

ದಾರಿ ನೋಡುತ್ತಾ,
ಮುಬೀನ್


ವಿಮಾನಪುರ
28 ಅಕ್ಟೋಬರ್ 2024

ಮುಬೀನ್,

ನಿನ್ನೆ ಏನಾಯಿತೆಂದು ನನಗೆ ಸರಿಯಾಗಿ ಬಿಡಿಸಿ ಹೇಳು. ಇಡೀ ದಾರಿ ಮೂರ್ತಿಗಳನ್ನು ಕೇಳಿಕೊಂಡು ಬಂದೆ, ಅವರಿಗೂ ತಿಳಿಯಲಿಲ್ಲ.

ನನಗೆ ಧೈರ್ಯವಿರಲಿಲ್ಲ. ಕಳೆದ ವಾರದಿಂದ ಸೈರನ್ ಒಂದೇ ಆಗಿ ಕೇಳುತ್ತಿತ್ತು. ಆದರೆ ಬೇಕು ಬೇಕು ಅಂದುಕೊಂಡಿದ್ದಕ್ಕೆ ಹಾಗೆ ಕೇಳಿಸುತ್ತಿದೆಯೋ ಏನೋ ಎಂದು ಯಾರಿಗೂ ಹೇಳಿರಲಿಲ್ಲ, ನಿನಗೂ ಬರೆಯಲಿಲ್ಲ. ಪಿಟೀಲು ತಂದಿದ್ದು ಸುಮ್ಮನೆ ಮಡಿಲಲ್ಲಿಟ್ಟುಕೊಳ್ಳಲು. ನೀವೆಲ್ಲ ಅಷ್ಟು ಸದ್ದಿಲ್ಲದೆ ನನ್ನನ್ನೇ ನೋಡುತ್ತಿದ್ದಿರಿ, ಸಾವಿನ ಮನೆಯ ಹಾಗೆ. ತಡೆಯಲಾಗದೆ ಕಮಾನು ಎತ್ತಿ ಷಡ್ಜ ಹಿಡಿದೆ. ನೀನು ಸೇರಿಕೊಂಡೆ. ನನ್ನ ಬಾಯಿ ಕೇಳಬೇಕಲ್ಲ? "ಇಳಿದುಹೋಗಿದೆ ಕಣೋ ಮುಬೀನ್, ಒಳಗೆ ತಳ್ಳು" ಎಂದುಬಿಟ್ಟೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ, ಮತ್ತೆ ಅದೇ ಶುರುಮಾಡಿದೆನಲ್ಲಾ ಎಂದು.

ವಿಕ್ರಮ್ ಫೋನ್ ನೋಡಿ ಕುರ್ಚಿ ಬೀಳಿಸಿಕೊಂಡು ಎದ್ದ. ನೀನು ಗೋಡೆ ಕಡೆ ತಿರುಗಿ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಗುಲ್ಷನ್ ಕೈಯಲ್ಲಿದ್ದ ಸೌಟು ಸಮೇತ ನನ್ನನ್ನು ತಬ್ಬಿಕೊಂಡಳು. ಸೀರೆಗೆಲ್ಲ ಅರಿಶಿನ. ಆಮೇಲೆ ಎಲ್ಲರೂ ಒಟ್ಟಿಗೆ ಕಿರುಚಿ, ಬಾರಿಸಿ, ಉಂಡು, ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ನಾನು ಹೇಳಿದ್ದು ತಪ್ಪೋ ಸರಿಯೋ? ಅಷ್ಟು ಹೇಳು. ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿರುತ್ತೇನೆ.

ಅನಸೂಯ


ಶಿವಾಜಿನಗರ
30 ಅಕ್ಟೋಬರ್ 2024

ಅಕ್ಕಾ,

ಸರಿ. ಸರಿ. ಸರಿ. ಮೂರು ಸಲ ಬರೆದಿದ್ದೇನೆ, ಮೂರ್ತಿ ಸಾರ್‌ಗೂ ಓದಿ ಹೇಳಿ.

ಈಗ ಬಿಡಿಸಿ ಹೇಳುತ್ತೇನೆ. ಭಾನುವಾರ ನೀವು ಬರುವ ಮುಂಚೆ ನಾನು ಕೊಳವೆಯ ಜೋಡಣೆಯನ್ನು ಹೊರಗೆಳೆದು ಆ ಉಗುರುಬಣ್ಣದ ಕೆಂಪು ಗೆರೆಗೆ ತಂದಿಟ್ಟಿದ್ದೆ. ಜುಲೈನಲ್ಲಿ ನೀವು "ಈಗ ಸರಿ" ಎಂದಿದ್ದ ಗೆರೆ. ನಿಮ್ಮ ಕಿವಿ ಇನ್ನೂ ಅಲ್ಲೇ ಇರುತ್ತದೆ ಎಂದೇ ನನ್ನ ಲೆಕ್ಕ. ನಾನು ಮೊದಲೇ ಅಲ್ಲಿ ಹೋಗಿ ನಿಂತಿದ್ದರೆ ನೀವು ಬಂದಾಗ ಒಬ್ಬರೇ ಆಗುವುದಿಲ್ಲವಲ್ಲ. ವಿಕ್ರಮ್‌ಗೂ ಹೇಳಿದ್ದೆ, ಅವನೂ ಗಿಟಾರ್ ತಂತಿ ಇಳಿಸಿಕೊಂಡು ಕೂತಿದ್ದ. ಊರಿಗೆಲ್ಲ ತಪ್ಪಾಗಿ, ನಿಮ್ಮೊಬ್ಬರಿಗೆ ಸರಿಯಾಗಿ ಬಾರಿಸೋಣ ಎಂದು ಒಪ್ಪಿಕೊಂಡಿದ್ದೆವು.

ನೀವು ಬಂದಿರಿ, ಷಡ್ಜ ಹಿಡಿದಿರಿ, ನನಗೆ ಬೈದಿರಿ. ವಿಕ್ರಮ್ ಫೋನ್ ನೋಡಿದಾಗ ನಿಮ್ಮ ಪಿಟೀಲಿನ ಷಡ್ಜಕ್ಕೆ ಮುಳ್ಳು ನಟ್ಟನಡುವೆ, ಸರಿಯಾದ ಜಾಗದಲ್ಲಿ ನಿಂತಿತ್ತು. ತಪ್ಪಿದ್ದವರು ನಾವು. ಅಕ್ಕಾ, ಹುಟ್ಟಿದಾಗಿನಿಂದ ಎಷ್ಟೋ ಬೈಸಿಕೊಂಡಿದ್ದೇನೆ, ಅಬ್ಬಾ, ಇಂಥ ಬೈಗುಳ ತಿಂದದ್ದು ಇದೇ ಮೊದಲು. ಅಳು ಬಾರದೆ ಇನ್ನೇನು ಬರುತ್ತದೆ?

ಕಿವಿಯ ತೊಂದರೆ ಮತ್ತೆ ಬಂದರೂ ಬರಬಹುದು, ನನಗೂ ಗೊತ್ತಿದೆ. ಬಂದರೆ ನಾವಿದ್ದೇವೆ, ಸಪ್ಪೆ ಬಿರಿಯಾನಿಯೂ ಇದೆ. ಆದರೆ ಆ ಕೆಂಪು ಗೆರೆ ಇನ್ನು ಬೇಡ. ಗುಲ್ಷನ್ ಅವಳ ಬಾಟಲಿಯ ಅದೇನೋ ವಾಸನೆಯ ನೀರು ಹಚ್ಚಿ ಉಜ್ಜಿ ತೆಗೆದಳು. ಮಿಕ್ಕ ಉಗುರುಬಣ್ಣವನ್ನು ತಾನೇ ಹಚ್ಚಿಕೊಂಡು, ಕಾರ್ಯಕ್ರಮಕ್ಕೆ ಮೊದಲ ಸಾಲಿನಲ್ಲಿ ಕೂರುತ್ತಾಳಂತೆ.

ಈಗ ಏನ್ ಕೇಳ್ತಿದೀಯ ಎಂದು ನೀವು ಕೇಳುವ ಮುಂಚೆ ನಾನೇ ಹೇಳುತ್ತೇನೆ. ಭಾನುವಾರದಿಂದ ಒಂದೇ. "ಇಳಿದುಹೋಗಿದೆ ಕಣೋ ಮುಬೀನ್, ಒಳಗೆ ತಳ್ಳು." ಬೇರೆ ಏನೂ ಹಾಕಲು ಮನಸ್ಸೇ ಬರುತ್ತಿಲ್ಲ.

ನೀವು ತಳ್ಳು ಎಂದಲ್ಲಿಗೆ ತಳ್ಳಿಕೊಂಡು ಕಾದಿರುವ,
ಮುಬೀನ್